ವೇದಿಕೆಯ ಮಾತು ಯೋಜನಾ ವರದಿಯ ಅಂಕಿಯಲ್ಲ

ಕಂಪನಿಗಳ ಪರವಾಗಿ ಸರ್ಕಾರದೊಡನೆ ವ್ಯವಹರಿಸುವ ಮತ್ತು ರಾಜ್ಯದ ನೀತಿಗಳನ್ನು ಓದಿ ಆಡಳಿತ ಮಂಡಳಿಗೆ ಅರ್ಥ ಹೇಳುವ ಕೆಲಸದ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಕಳುಹಿಸಿರುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳು. ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅರ್ಜಿ ನಮೂನೆ ಎಲ್ಲಿ ಸಿಗುತ್ತದೆ, ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಯಾವ ದಾಖಲೆ ಒಯ್ಯಬೇಕು ಎಂಬಂಥವನ್ನು ಇಲ್ಲಿ ಬರೆಯುವುದಿಲ್ಲ. ಈ ಹುದ್ದೆಯ ಸಂಬಳ ಪಡೆಯುವವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ನಮ್ಮ ಕಂಪನಿ ಹರಿಹರದ ಸಮೀಪ ಮೆಕ್ಕೆಜೋಳ ಸಂಸ್ಕರಣಾ ಘಟಕ ಹಾಕಲು ಹೊರಟಿದೆ. ಹೊಸ ಕೈಗಾರಿಕಾ ನೀತಿಯಲ್ಲಿ ಸಬ್ಸಿಡಿ ಮತ್ತು ತೆರಿಗೆ ವಿನಾಯಿತಿ ಇದೆಯೆಂದು ಪತ್ರಿಕೆಗಳಲ್ಲಿ ಬಂದಿದೆ, ಸಚಿವರೂ ಸಮಾರಂಭದಲ್ಲಿ ಹೇಳಿದ್ದಾರೆ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಅದನ್ನು ಬರುವ ಹಣವೆಂದು ತೋರಿಸಬಹುದೇ? (ಹರಿಹರ)

ತೋರಿಸಬೇಡಿ. ಕನಿಷ್ಠ ಈಗಲೇ ತೋರಿಸಬೇಡಿ.

ಸರ್ಕಾರ ಹಲವು ಬಾಯಿಗಳಿಂದ ಮಾತನಾಡುತ್ತದೆ, ಆದರೆ ಅದನ್ನು ಕಟ್ಟಿಹಾಕುವುದು ಕೆಲವೇ ಬಗೆಯ ಕಾಗದಗಳು. ಸಚಿವರ ಭಾಷಣಕ್ಕೆ ಕಾನೂನಿನ ಬೆಲೆಯಿಲ್ಲ. ಬಜೆಟ್ ಭಾಷಣದ ಸಾಲು ಒಂದು ಉದ್ದೇಶವನ್ನಷ್ಟೇ ಹೇಳುತ್ತದೆ. ಸಚಿವ ಸಂಪುಟ ಒಪ್ಪಿತು ಎಂಬ ಸುದ್ದಿಯೂ ಮುಗಿದ ಮಾತಲ್ಲ. 2024ರ ಜುಲೈಯಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50 ಮತ್ತು ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಮಸೂದೆ ಸದನದ ಮುಂದೆಯೇ ಬಂದಿರಲಿಲ್ಲ. ಅಂಥ ಬೆಳಿಗ್ಗೆ ನಿಮ್ಮ ಎಂ.ಡಿ. ಸಾಹೇಬರು ಫೋನ್ ಮಾಡಿ "ಇದು ಜಾರಿಗೆ ಬಂತೇ?" ಎಂದು ಕೇಳಿದರೆ, ಕಾಗದ ಯಾವ ಮೆಟ್ಟಿಲಲ್ಲಿದೆ, ಮುಂದಿನ ಮೆಟ್ಟಿಲು ಯಾವುದು, ಅಲ್ಲಿ ಯಾರ ಸಹಿ ಬೇಕು ಎಂದು ಎರಡು ನಿಮಿಷದಲ್ಲಿ ಹೇಳಲು ನಿಮಗೆ ಬರಬೇಕು. ಈ ಹುದ್ದೆಯ ಮುಕ್ಕಾಲು ಕೆಲಸ ಇಷ್ಟೇ.

ನಿಮ್ಮ ವಿಷಯಕ್ಕೆ ಬರೋಣ. 2025–30ರ ಕೈಗಾರಿಕಾ ನೀತಿಯ ಹೊಳೆಯುವ ಮುಖಪುಟದ ಪುಸ್ತಕವನ್ನು ಬದಿಗಿಟ್ಟು, ಅದನ್ನು ಜಾರಿಗೆ ತಂದ ವಾಣಿಜ್ಯ ಮತ್ತು ಕೈಗಾರಿಕಾ ಇಲಾಖೆಯ ಸರ್ಕಾರಿ ಆದೇಶವನ್ನೂ ಅದರ ಅನುಬಂಧಗಳನ್ನೂ ತೆರೆಯಿರಿ. ಸರ್ಕಾರಿ ಆದೇಶವನ್ನು ಓದುವ ಕ್ರಮವೊಂದಿದೆ. ಮೇಲೆ "ಓದಲಾಗಿದೆ" ಎಂಬ ಭಾಗದಲ್ಲಿ ಹಿಂದಿನ ಆದೇಶಗಳೂ ಪತ್ರಗಳೂ ಇರುತ್ತವೆ, ಈ ನಿರ್ಧಾರ ಎಲ್ಲಿಂದ ಹುಟ್ಟಿತು ಎಂಬುದು ಅಲ್ಲಿ ತಿಳಿಯುತ್ತದೆ. "ಪ್ರಸ್ತಾವನೆ"ಯಲ್ಲಿ ಕಾರಣಗಳಿರುತ್ತವೆ, ಹಕ್ಕುಗಳಿರುವುದಿಲ್ಲ. ಹಕ್ಕು ಹುಟ್ಟುವುದು ಆದೇಶ ಸಂಖ್ಯೆ ಮತ್ತು ದಿನಾಂಕದ ಕೆಳಗಿನ ಭಾಗದಲ್ಲಿ. ಹಣದ ಮಾತಿರುವ ಆದೇಶವಾದರೆ, ಆರ್ಥಿಕ ಇಲಾಖೆಯ ಟಿಪ್ಪಣಿ ಸಂಖ್ಯೆ ಇಂಥದ್ದರಲ್ಲಿ ನೀಡಿದ ಸಹಮತಿಯ ಮೇರೆಗೆ ಹೊರಡಿಸಲಾಗಿದೆ ಎಂಬ ಸಾಲು ಅದರ ಕೊನೆಯಲ್ಲಿರಬೇಕು. ಆ ಸಾಲು ಕಾಣದಿದ್ದರೆ ನಾನು ಅಂಥ ಆದೇಶವನ್ನು ನಂಬಿ ಒಂದು ರೂಪಾಯಿಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಳಗೆ ಅಧೀನ ಕಾರ್ಯದರ್ಶಿಯ ಸಹಿಯಿದ್ದರೂ ಆದೇಶ ಹೊರಡುವುದು ರಾಜ್ಯಪಾಲರ ಹೆಸರಿನಲ್ಲಿ, ಸಂವಿಧಾನದ 166ನೇ ವಿಧಿಯ ಪ್ರಕಾರ.

ಇಷ್ಟಾದ ಮೇಲೂ ನೀತಿಯಲ್ಲಿ ಬರೆದಿರುವ ಎಲ್ಲ ರಿಯಾಯಿತಿಗಳು ತಾವಾಗಿ ಜಾರಿಗೆ ಬರುವುದಿಲ್ಲ. ನಮ್ಮ ಊರುಗಳ ಕಂಪನಿಗಳು ಎಡವುವುದು ಇಲ್ಲಿಯೇ. ಮುದ್ರಾಂಕ ಶುಲ್ಕದ ವಿನಾಯಿತಿ 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 9ನೇ ಪ್ರಕರಣದ ಅಡಿಯಲ್ಲಿ ಹೊರಡುವ ಅಧಿಸೂಚನೆಯಿಂದ ಸಿಗಬೇಕು, ಅದು ಕಂದಾಯ ಇಲಾಖೆಯ ಕೆಲಸ. ವಿದ್ಯುತ್ ತೆರಿಗೆಯ ಮಾತು ಇಂಧನ ಇಲಾಖೆಗೆ ಸೇರಿದ್ದು, ಅದರ ಕಾಯ್ದೆಯೇ ಬೇರೆ. ಉಪನೋಂದಣಾಧಿಕಾರಿಯ ಮೇಜಿನ ಮುಂದೆ ಕೈಗಾರಿಕಾ ನೀತಿಯ ಪುಸ್ತಕ ಹಿಡಿದು ವಾದಿಸುವವರನ್ನು ನೋಡಿದರೆ ನನಗೆ ಕನಿಕರ ಹುಟ್ಟುವುದಿಲ್ಲ, ಬೇಸರವಾಗುತ್ತದೆ. ಆ ಅಧಿಕಾರಿ ಕೇಳುವುದು ತಮ್ಮ ಇಲಾಖೆಯ ಅಧಿಸೂಚನೆಯನ್ನು ಮತ್ತು ನಿಮ್ಮ ಘಟಕದ ಹೆಸರಿನ ಪ್ರಮಾಣಪತ್ರವನ್ನು. ಹಾಗೆ ಕೇಳುವುದು ಸರಿಯೂ ಹೌದು.

ಮುಂದಿನದು ಅರ್ಹತೆ. ಪ್ರತಿ ನೀತಿಗೂ ರಿಯಾಯಿತಿಗೆ ಅರ್ಹವಲ್ಲದ ಚಟುವಟಿಕೆಗಳ ಪಟ್ಟಿಯೊಂದು ಅನುಬಂಧದಲ್ಲಿರುತ್ತದೆ. ಓದುವಾಗ ಮೊದಲು ಅದನ್ನು ಓದಬೇಕು, ಎಲ್ಲರೂ ಕೊನೆಗೆ ಓದುತ್ತಾರೆ. ಬಳಿಕ ವಲಯ, ಅಂದರೆ ರಿಯಾಯಿತಿಗಾಗಿ ತಾಲ್ಲೂಕುಗಳನ್ನು ಗುಂಪು ಮಾಡಿರುವ ವಿಂಗಡಣೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ವಿಂಗಡಿಸಿದಾಗಿನಿಂದ ಇಂಥ ಲೆಕ್ಕದಲ್ಲಿ ತಾಲ್ಲೂಕಿನ ತೂಕ ಹೆಚ್ಚು. "ದಾವಣಗೆರೆ ಜಿಲ್ಲೆಯಲ್ಲಿ ಎಷ್ಟು ಸಿಗುತ್ತದೆ?" ಎಂದು ಕೇಳುವುದೇ ಅರ್ಧ ತಪ್ಪು. ಸರ್ವೆ ನಂಬರು ಯಾವ ತಾಲ್ಲೂಕಿನದು ಎಂದು ಕೇಳಿ. ಹರಪನಹಳ್ಳಿಯನ್ನೇ ನೋಡಿ: 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371–ಜೆ ವಿಧಿಯ ವ್ಯಾಪ್ತಿಗೆ ಬಂತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಜಮೀನು ಕದಲಿಲ್ಲ, ಆದರೆ ಅದರ ಮೇಲೆ ನಿಂತ ಉದ್ಯಮ ನೋಡಬೇಕಾದ ಕಾಗದಗಳು ಬದಲಾದವು. ಹಳೆಯ ಕಡತದಿಂದ ನಕಲು ಮಾಡಿ ವರದಿ ಬರೆಯುವವರಿಗೆ ಇಂಥದ್ದು ಗೊತ್ತಾಗುವುದಿಲ್ಲ.

ಆಮೇಲೆ ಸಮಿತಿಯ ಒಪ್ಪಿಗೆ. 15 ಕೋಟಿ ರೂಪಾಯಿವರೆಗಿನ ಹೂಡಿಕೆಯ ಪ್ರಸ್ತಾವ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾಮಟ್ಟದ ಏಕಗವಾಕ್ಷಿ ಸಮಿತಿಯ ಮುಂದೆ ಹೋಗುತ್ತದೆ. ಅದಕ್ಕಿಂತ ಹೆಚ್ಚಿನದು 500 ಕೋಟಿಯವರೆಗೆ ರಾಜ್ಯಮಟ್ಟದ ಸಮಿತಿಗೆ, ಅದಕ್ಕೂ ಮೇಲಿನದು ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿಗೆ. ಒಪ್ಪಿಗೆ ಪತ್ರದಲ್ಲಿ "ನೀತಿಯ ಪ್ರಕಾರ ಪ್ರೋತ್ಸಾಹಧನ" ಎಂದಿದ್ದರೆ ನೀವು ಕೇಳಲು ಅರ್ಹರು ಎಂದಷ್ಟೇ ಅರ್ಥ. ಮಂಜೂರಾತಿ ಬೇರೆ, ಅನುದಾನ ಬಿಡುಗಡೆ ಬೇರೆ. ಉತ್ಪಾದನೆ ಆರಂಭವಾದ ದಿನಾಂಕಕ್ಕೆ ದಾಖಲೆಯಿಲ್ಲದೆ ಮೊದಲನೆಯದು ನಿಲ್ಲುತ್ತದೆ, ಆ ವರ್ಷದ ಬಜೆಟ್ಟಿನಲ್ಲಿ ಹಣವಿಲ್ಲದೆ ಎರಡನೆಯದು ನಿಲ್ಲುತ್ತದೆ. ಬ್ಯಾಂಕಿನ ಕಂತು ಮಾತ್ರ ಯಾವುದಕ್ಕೂ ನಿಲ್ಲುವುದಿಲ್ಲ.

ಸರ್ಕಾರ ಕೊಟ್ಟ ಮಾತು ತಪ್ಪಿದರೆ ನ್ಯಾಯಾಲಯವಿದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಇದೆ. ಉತ್ತರ ಪ್ರದೇಶದಲ್ಲಿ ವನಸ್ಪತಿ ಕಾರ್ಖಾನೆ ಹಾಕಿದ ಮೋತಿಲಾಲ್ ಪದಂಪತ್ ಸಕ್ಕರೆ ಕಂಪನಿಗೆ ಮೂರು ವರ್ಷ ಮಾರಾಟ ತೆರಿಗೆ ವಿನಾಯಿತಿಯ ಭರವಸೆ ಕೊಟ್ಟು 1970ರಲ್ಲಿ ಹಿಂತೆಗೆದುಕೊಂಡಾಗ, 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರವನ್ನು ಅದರ ಮಾತಿಗೆ ಕಟ್ಟಿಹಾಕಿತು. ಆ ಕಂಪನಿಯೂ ಮೊದಲು ಓದಿದ್ದು ಪತ್ರಿಕೆಯ ಸುದ್ದಿಯನ್ನೇ. ಆದರೆ ಅಲ್ಲಿಗೆ ನಿಲ್ಲದೆ ಕೈಗಾರಿಕಾ ನಿರ್ದೇಶಕರಿಗೆ ಬರೆದು, ಮುಖ್ಯ ಕಾರ್ಯದರ್ಶಿಯಿಂದ ಲಿಖಿತ ಉತ್ತರ ಪಡೆದು, ಅದನ್ನು ನಂಬಿ ಹಣ ಹೂಡಿತ್ತು. ಗೆದ್ದದ್ದು ಆ ಪತ್ರದ ಬಲದಿಂದ. ಜಾರ್ಖಂಡಿನ ಬ್ರಹ್ಮಪುತ್ರ ಮೆಟಾಲಿಕ್ಸ್ ಪ್ರಕರಣವೂ ಇದೇ ಜಾತಿಯದು. 2012ರ ಕೈಗಾರಿಕಾ ನೀತಿ ವಿದ್ಯುತ್ ಸುಂಕದಲ್ಲಿ ಅರ್ಧದಷ್ಟು ರಿಯಾಯಿತಿಯನ್ನು ಹೇಳಿತ್ತು, ಅಧಿಸೂಚನೆ ಹೊರಟದ್ದು 2015ರಲ್ಲಿ, ಅದೂ ಮುಂದಿನ ಅವಧಿಗೆ ಮಾತ್ರ. 2020ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪಿತ್ತಿತು. ಎರಡರಲ್ಲೂ ಕಂಪನಿ ಗೆದ್ದಿತು, ಎರಡರಲ್ಲೂ ವರ್ಷಗಳು ಕಳೆದವು. ಶಾಸನಸಭೆಯೇ ಕಾಯ್ದೆ ಮಾಡಿ ಬದಲಾಯಿಸಿದರೆ, ಕೊಟ್ಟ ಮಾತಿಗೆ ಸರ್ಕಾರ ಬದ್ಧ ಎಂಬ ಈ ತತ್ವ ನಿಮ್ಮನ್ನು ಕಾಯುವುದಿಲ್ಲ ಎಂದು ಮೋತಿಲಾಲ್ ತೀರ್ಪೇ ಹೇಳಿದೆ. ಆದುದರಿಂದ ತೀರ್ಪನ್ನು ಧೈರ್ಯಕ್ಕೆ ಇಟ್ಟುಕೊಳ್ಳಿ, ನಗದು ಹರಿವಿನ ಪಟ್ಟಿಯಲ್ಲಿ ಸೇರಿಸಬೇಡಿ.

ಹಾಗಾದರೆ ವರದಿಯಲ್ಲಿ ಏನು ಬರೆಯಬೇಕು? ಸಬ್ಸಿಡಿ ಇಲ್ಲದೆಯೂ ಘಟಕ ಸಾಲ ತೀರಿಸಬಲ್ಲದು ಎಂಬ ಲೆಕ್ಕವನ್ನು ಮುಖ್ಯ ಭಾಗದಲ್ಲಿ ಕೊಡಿ. ರಿಯಾಯಿತಿಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ಬರೆದು, ಪ್ರತಿಯೊಂದರ ಎದುರು ಆದೇಶ ಅಥವಾ ಅಧಿಸೂಚನೆಯ ಸಂಖ್ಯೆ, ದಿನಾಂಕ, ಮಂಜೂರು ಮಾಡುವ ಪ್ರಾಧಿಕಾರ, ಬಾಕಿಯಿರುವ ಹಂತಗಳನ್ನು ನಮೂದಿಸಿ. ಸಂಖ್ಯೆ ಬರೆಯಲಾಗದ ರಿಯಾಯಿತಿಯನ್ನು ಪಟ್ಟಿಯಿಂದ ತೆಗೆಯಿರಿ. ಸಬ್ಸಿಡಿ ಬಂದರೆ ಮಾತ್ರ ಲಾಭ ಎಂದು ಲೆಕ್ಕ ತೋರಿಸಿದರೆ, ಆ ಘಟಕ ಹಾಕಬೇಡಿ ಎಂದು ಮಾಲೀಕರಿಗೆ ಹೇಳುವುದೂ ನಿಮ್ಮ ಕೆಲಸವೇ. ಈ ವಿಷಯದಲ್ಲಿ ನಾನು ಅತಿ ಜಾಗರೂಕ ಎಂದು ಹೇಳುವವರಿದ್ದಾರೆ. ಇರಲಿ.

ಪ್ರಶ್ನೆ: ವಿಧಾನಸೌಧದಲ್ಲಿ ಒಳ್ಳೆಯ ಪರಿಚಯವಿರುವ ಒಬ್ಬರು ಕಡತ ಮಾಡಿಸಿಕೊಡುತ್ತೇನೆ, ಮಂಜೂರಾದ ಮೊತ್ತದಲ್ಲಿ ಶೇಕಡಾ ಇಷ್ಟು ಕೊಡಿ ಎನ್ನುತ್ತಾರೆ. ಅವರನ್ನು ಸಲಹೆಗಾರರೆಂದು ನೇಮಿಸಿಕೊಳ್ಳಬಹುದೇ? (ಚಳ್ಳಕೆರೆ)

ಬಾಗಿಲಿನಿಂದಲೇ ಕಳುಹಿಸಿ. ಅರ್ಜಿ ಸಿದ್ಧಪಡಿಸಲು, ನೀತಿ ಓದಿ ಹೇಳಲು ನಿಗದಿತ ಶುಲ್ಕ ಪಡೆಯುವವರು ಸಲಹೆಗಾರರು. "ಕಡತ ಮಾಡಿಸುವ" ಕಮಿಷನ್ ಕೇಳುವವರು ಏನು ಮಾರುತ್ತಿದ್ದಾರೆ ಎಂಬುದು ನಿಮಗೂ ಗೊತ್ತು. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ನಿಗ್ರಹ ಕಾಯ್ದೆಯಲ್ಲಿ ಲಂಚ ಕೊಡುವುದೇ ಅಪರಾಧ, ಇನ್ನೊಬ್ಬರ ಕೈಯಲ್ಲಿ ಕೊಡಿಸಿದರೂ ಅಷ್ಟೇ. ಪ್ರಭಾವ ಬೀರುವುದಾಗಿ ಹಣ ಪಡೆಯುವ ಮಧ್ಯವರ್ತಿಗೆ 7–ಎ ಪ್ರಕರಣವಿದೆ. ಕಂಪನಿಯೇ ಆರೋಪಿಯಾಗಬಹುದು, ಒಪ್ಪಿಗೆ ಕೊಟ್ಟ ನಿರ್ದೇಶಕರಿಗೆ ಮೂರರಿಂದ ಏಳು ವರ್ಷ ಸೆರೆವಾಸವಾಗಬಹುದು. ಬಲವಂತದಿಂದ ಕೊಡಬೇಕಾಯಿತು ಎನ್ನುವವರು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿರಬೇಕು. ಅಂಥ ಮಹನೀಯರು ಕಚೇರಿಯ ಗೋಡೆಗೆ ತೂಗುಹಾಕಿರುವ, ಸಚಿವರಿಗೆ ಶಾಲು ಹೊದಿಸುತ್ತಿರುವ ಚಿತ್ರಗಳನ್ನು ನೋಡಿ ಮರುಳಾಗುವುದನ್ನು ನಮ್ಮ ವರ್ತಕರು ಯಾವಾಗ ಬಿಡುತ್ತಾರೋ. ಆ ಶಾಲು ಯಾರು ಬೇಕಾದರೂ ಹೊದಿಸಬಹುದು.

ಕಡತ ಹುಟ್ಟುವುದು ವಿಷಯ ನಿರ್ವಾಹಕರ ಮೇಜಿನಲ್ಲಿ. ಅವರು ಬರೆದ ಮೊದಲ ಟಿಪ್ಪಣಿಯ ಮೇಲೆಯೇ ಶಾಖಾಧಿಕಾರಿಯಿಂದ ಕಾರ್ಯದರ್ಶಿಯವರೆಗಿನ ಎಲ್ಲರೂ ಬರೆಯುತ್ತಾರೆ. ಆ ಟಿಪ್ಪಣಿಗೆ ಬೇಕಾದ ದಾಖಲೆ ನಿಮ್ಮ ಮನವಿಯಲ್ಲಿ ಇಲ್ಲದಿದ್ದರೆ ಯಾವ ಪರಿಚಯವೂ ಅದನ್ನು ತುಂಬಿಕೊಡುವುದಿಲ್ಲ.

ಪ್ರಶ್ನೆ: ಬೆಸ್ಕಾಂ ದರ ಏರಿಕೆಯ ವಿರುದ್ಧ ಇಂಧನ ಸಚಿವರನ್ನು ಭೇಟಿ ಮಾಡಿಸಲು ನಮ್ಮ ಸಂಘ ಪ್ರಯತ್ನಿಸುತ್ತಿದೆ. ಮನವಿಯಲ್ಲಿ ಏನಿರಬೇಕು? (ಚಿತ್ರದುರ್ಗ)

ಮನವಿ ಹೋಗಬೇಕಾದ ವಿಳಾಸವೇ ಬೇರೆ. ವಿದ್ಯುತ್ ದರವನ್ನು ನಿಗದಿಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬೆಸ್ಕಾಂ ಸಲ್ಲಿಸಿದ ಅರ್ಜಿಯನ್ನು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆ ಪಡೆದು, ವಿಚಾರಣೆ ನಡೆಸಿ, ಅರ್ಜಿ ಬಂದ 120 ದಿನಗಳೊಳಗೆ ಆದೇಶ ಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಪ್ರಕರಣ ಹೇಳುತ್ತದೆ. ಸರ್ಕಾರ ಯಾವುದಾದರೂ ವರ್ಗಕ್ಕೆ ಸಬ್ಸಿಡಿ ಕೊಡಬಹುದು, ಆದರೆ 65ನೇ ಪ್ರಕರಣದಂತೆ ಅದರ ಹಣವನ್ನು ಮುಂಗಡವಾಗಿ ಕಟ್ಟಬೇಕು. ಆಕ್ಷೇಪಣೆಯ ಅವಧಿಯಲ್ಲಿ ಸುಮ್ಮನಿದ್ದು ಬಿಲ್ಲು ಬಂದ ಮೇಲೆ ಪಿ.ಬಿ. ರಸ್ತೆಯಲ್ಲಿ ಮೆರವಣಿಗೆ ಮಾಡುವುದು ನಮ್ಮ ಸಂಘಗಳ ಹಳೆಯ ಚಾಳಿ. ನಿಮ್ಮ ಸದಸ್ಯರ ಬೇಡಿಕೆ, ಬಳಕೆ, ಸರಬರಾಜು ನಿಂತ ಗಂಟೆಗಳ ಲೆಕ್ಕವನ್ನು ಬಿಲ್ಲುಗಳಿಂದ ಎತ್ತಿ ಕೊಡಿ. ಭಾವುಕ ಭಾಷಣಗಳಿಗೆ ಆಯೋಗದ ಆದೇಶದಲ್ಲಿ ಒಂದು ಸಾಲಿನ ಉತ್ತರವೂ ಸಿಗುವುದಿಲ್ಲ, ಅಂಕಿಅಂಶಗಳಿಗೆ ಆಯೋಗ ಕಾರಣ ಸಹಿತ ಉತ್ತರಿಸಬೇಕಾಗುತ್ತದೆ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಬಂದ ಸುತ್ತೋಲೆಯ ಪ್ರಕಾರ ಕಾರ್ಖಾನೆಯಲ್ಲಿ ಕ್ರಮ ಕೈಗೊಳ್ಳಬಹುದೇ? (ಹಿರಿಯೂರು)

ಇಲ್ಲ. ಇಲಾಖೆಯ ಜಾಲತಾಣದಲ್ಲಿ ಅಥವಾ ರಾಜ್ಯಪತ್ರದಲ್ಲಿ ಕಾಣುವವರೆಗೆ ಅದು ಬರೀ ಚಿತ್ರ.

ಪ್ರಶ್ನೆ: ಈ ಕೆಲಸಕ್ಕೆ ಕಾನೂನು ಪದವಿ ಬೇಕೇ, ಎಂಬಿಎ ಬೇಕೇ? (ದಾವಣಗೆರೆ)

ಎರಡೂ ಕಡ್ಡಾಯವಲ್ಲ. ಕನ್ನಡದಲ್ಲಿ ಸ್ವಚ್ಛವಾದ ಒಂದು ಪುಟದ ಮನವಿ ಬರೆಯಲು ಬರದಿದ್ದರೆ ಎರಡೂ ಇದ್ದು ಪ್ರಯೋಜನವಿಲ್ಲ.

ಪ್ರಶ್ನೆ: ನಮ್ಮ ಕಡತ ಎಲ್ಲಿದೆಯೆಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದೇ? (ಹೊಸದುರ್ಗ)

ಹಾಕಬಹುದು, ಉತ್ತರಕ್ಕೆ 30 ದಿನಗಳ ಅವಧಿಯಿದೆ. ನಾನಾದರೆ ಮೊದಲ ಪತ್ರಕ್ಕೇ ಹಾಕುವುದಿಲ್ಲ. ಎರಡು ಸ್ಮರಣಪತ್ರಗಳಿಗೆ ಉತ್ತರ ಬಾರದಿದ್ದಾಗ ಹಾಕುತ್ತೇನೆ. ಬೆದರಿಕೆಯಂತೆ ಬಳಸಿದವರ ಕಡತವನ್ನು ಮುಂದೆ ಪ್ರತಿಯೊಬ್ಬರೂ ರಕ್ಷಣಾತ್ಮಕವಾಗಿ ಬರೆಯತೊಡಗುತ್ತಾರೆ, ಅದರಿಂದ ನಿಮಗೇ ನಷ್ಟ.

ಪ್ರಶ್ನೆ: ಕರಡು ಮಸೂದೆ, ಕರಡು ನಿಯಮಗಳಿಗೆ ಆಕ್ಷೇಪಣೆ ಕಳುಹಿಸಿದರೆ ಯಾರಾದರೂ ಓದುತ್ತಾರೆಯೇ? (ದಾವಣಗೆರೆ)

ಓದುತ್ತಾರೆ, ಓದುವಂತೆ ಬರೆದಿದ್ದರೆ. ಆ್ಯಪ್‌ಗಳ ಮೂಲಕ ಬಿಡಿ ಕೆಲಸ ಮಾಡುವ ಗಿಗ್ ಕಾರ್ಮಿಕರ ಮಸೂದೆಯ ಕರಡು 2024ರ ಜೂನ್‌ನಲ್ಲಿ ಸಲಹೆಗಳಿಗಾಗಿ ಪ್ರಕಟವಾಯಿತು, ಸುಗ್ರೀವಾಜ್ಞೆ ಬಂದದ್ದು 2025ರ ಮೇ ತಿಂಗಳಲ್ಲಿ, ಆಮೇಲೆ ಅದು ಕಾಯ್ದೆಯಾಯಿತು. ನಡುವೆ ಸುಮಾರು ಒಂದು ವರ್ಷದ ಕಾಲಾವಕಾಶವಿತ್ತು. ಕರಡು ನಿಯಮಗಳಿಗಾದರೆ ಸಾಮಾನ್ಯವಾಗಿ 15 ಅಥವಾ 30 ದಿನ ಮಾತ್ರ. "ಈ ನಿಯಮ ಉದ್ಯಮಕ್ಕೆ ಮಾರಕ" ಎಂದು ಬರೆಯಬೇಡಿ. ಇಂಥ ನಿಯಮದ ಇಂಥ ಉಪನಿಯಮದಲ್ಲಿ ಈ ಪದಗಳ ಬದಲು ಈ ಪದಗಳಿರಲಿ, ಕಾರಣ ಇದು, ಇದರಿಂದ ಸರ್ಕಾರದ ಆದಾಯದ ಮೇಲಾಗುವ ಪರಿಣಾಮ ಇಷ್ಟು ಎಂದು ಬರೆಯಿರಿ. ವಾಣಿಜ್ಯ ಸಂಘದ ಹೆಸರಿನಲ್ಲಿ ಒಂದು, ಕಂಪನಿಯ ಹೆಸರಿನಲ್ಲಿ ಒಂದು ಕಳುಹಿಸಿ, ಎರಡರಲ್ಲೂ ಒಂದೇ ವಾಕ್ಯಗಳಿರದಂತೆ ನೋಡಿಕೊಳ್ಳಿ. ಅಂಚೆಯನ್ನು ನಂಬಿ ಕೂರದೆ ಗಡುವಿಗೆ ಮೊದಲೇ ಟಪಾಲು ಶಾಖೆಯಲ್ಲಿ ಕೊಟ್ಟು, ನಕಲು ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ.