ರಾತ್ರಿ ಫೇಲ್, ಬೆಳಿಗ್ಗೆ ಪಾಸ್: ಓದುಗರ ಪ್ರಶ್ನೆಗಳು

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಕೆಲಸಗಳನ್ನು ತಾನಾಗಿ ಓಡಿಸುವ ಜೆಂಕಿನ್ಸ್ ಎಂಬ ಪ್ರೋಗ್ರಾಂ ದಿನಾ ರಾತ್ರಿ 2ಕ್ಕೆ ಡಾಕರ್ ಕಂಟೇನರಿನಲ್ಲಿ (ಸರ್ವರಿನೊಳಗೆ ಪ್ರತ್ಯೇಕವಾಗಿ ಓಡುವ ಪೆಟ್ಟಿಗೆಯಂಥ ಜಾಗ) ನಮ್ಮ ಕೋಡಿನ ಟೆಸ್ಟ್ ಓಡಿಸುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಮೂರು ಟೆಸ್ಟ್ ಫೇಲ್. 10 ಗಂಟೆಗೆ ಮತ್ತೆ ಓಡಿಸಿದರೆ ಎಲ್ಲವೂ ಪಾಸ್. ಕೋಡ್ ಮುಟ್ಟಿಯೇ ಇರುವುದಿಲ್ಲ. ಲಾಗಿನಲ್ಲಿ ಬಿಲ್ ತಾರೀಖು ‘ನಿರೀಕ್ಷಿಸಿದ್ದು 14, ಬಂದದ್ದು 15’ ಎಂದಿದೆ. ಜೆಂಕಿನ್ಸ್ ಕೆಟ್ಟಿದೆಯೇ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಜೆಂಕಿನ್ಸ್ ಸರಿಯಾಗಿಯೇ ಇದೆ. ನಿಮ್ಮ ಸರ್ವರ್ ಭಾರತದ ಸಮಯ ತೋರಿಸುತ್ತಿದ್ದರೂ ಕಂಟೇನರ್ ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಗತ್ತಿನ ಪ್ರಮಾಣ ಸಮಯ) ಓಡುತ್ತದೆ. ಅದು ನಮಗಿಂತ ಐದೂವರೆ ತಾಸು ಹಿಂದೆ. ಹುಬ್ಬಳ್ಳಿಯಲ್ಲಿ 15ನೇ ತಾರೀಖಿನ ರಾತ್ರಿ 2 ಹೊಡೆದಾಗ ಕಂಟೇನರಿನೊಳಗೆ ಇನ್ನೂ 14ರ ರಾತ್ರಿ 8:30. ನಡುರಾತ್ರಿ 12ರಿಂದ ನಸುಕಿನ 5:30ರ ತನಕ ಮಾತ್ರ ಈ ತಕರಾರು, ಆಮೇಲೆ ಎರಡೂ ಕಡೆ ತಾರೀಖು ಒಂದೇ. 10 ಗಂಟೆಗೆ ಪಾಸಾಗುವುದು ಅದಕ್ಕೇ. ಕಂಟೇನರಿನೊಳಗೆ ‘ಡೇಟ್’ ಕಮಾಂಡ್ ಕೊಟ್ಟು ನೋಡಿ, ಕಣ್ಣಿಗೇ ಕಾಣುತ್ತದೆ.

ಲಾಗಿನ ಆ ಸಾಲನ್ನು ಇನ್ನೊಮ್ಮೆ ಓದಿ. ಬಿಲ್ ಕೊಟ್ಟ ತಾರೀಖು 15, ಅಂದರೆ ನಿಮ್ಮ ಪ್ರೋಗ್ರಾಂ ಭಾರತದ ಸಮಯವನ್ನೇ ಹಿಡಿದಿದೆ. ‘ಇವತ್ತು’ ಯಾವ ತಾರೀಖು ಎಂದು ಕಂಟೇನರಿನ ಗಡಿಯಾರವನ್ನು ಕೇಳಿದ ಟೆಸ್ಟಿನದೇ ತಪ್ಪು. ಸಾಲು ತಿರುವುಮುರುವಾಗಿದ್ದರೆ (ನಿರೀಕ್ಷಿಸಿದ್ದು 15, ಬಂದದ್ದು 14) ಬಿಲ್ಲೇ ತಪ್ಪು. ಎಲ್ಲಕ್ಕಿಂತ ಅಪಾಯದ್ದು ಮೂರನೆಯದು: ಪ್ರೋಗ್ರಾಂ, ಟೆಸ್ಟ್ ಎರಡೂ ಯುಟಿಸಿಯನ್ನೇ ನೋಡಿದರೆ ಟೆಸ್ಟ್ ಸದಾ ಪಾಸ್, ನಸುಕಿನಲ್ಲಿ ಮಾಡಿದ ಬಿಲ್ಲಿಗೆ ಮಾತ್ರ ನಿನ್ನೆಯ ತಾರೀಖು. ಏಪ್ರಿಲ್ 1ರ ನಸುಕಿನಲ್ಲಿ ಹಾಗಾದರೆ ಬಿಲ್ ಹಿಂದಿನ ಹಣಕಾಸು ವರ್ಷಕ್ಕೆ ಸೇರುತ್ತದೆ, ಅದರ ಲೆಕ್ಕ ಸರಿಪಡಿಸುವುದು ಅಂಗಡಿಯವರಿಗೆ ದೊಡ್ಡ ತಲೆನೋವು.

ಕಂಟೇನರಿಗೆ ಟಿಝಡ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿನಲ್ಲಿ (ಹೊರಗಿನಿಂದ ಕೊಡುವ ಸೆಟ್ಟಿಂಗ್) ಏಷ್ಯಾ/ಕೋಲ್ಕತಾ ಎಂದು ಕೊಟ್ಟರೆ ಫೇಲ್ ನಿಲ್ಲುತ್ತದೆ. (ಕಂಟೇನರನ್ನು ಆಲ್ಪೈನ್ ಎಂಬ ಪುಟ್ಟ ಲಿನಕ್ಸಿನ ಇಮೇಜಿನಿಂದ ಮಾಡಿದ್ದರೆ ಟಿಝಡ್‌ಡೇಟಾ ಪ್ಯಾಕೇಜನ್ನೂ ಹಾಕಬೇಕು, ಇಲ್ಲದಿದ್ದರೆ ಯುಟಿಸಿಯಲ್ಲೇ ಉಳಿಯುತ್ತದೆ.) ಆದರೆ ಅಷ್ಟಕ್ಕೇ ಬಿಡಬೇಡಿ. ತಾರೀಖು ಲೆಕ್ಕ ಮಾಡುವ ಕಡೆಯೆಲ್ಲ ಟೈಮ್‌ಝೋನ್ ಹೆಸರು ಹೇಳಿಯೇ ಕೇಳಿ; ಗಡಿಯಾರವನ್ನು ಹೊರಗಿನಿಂದ ಕೊಡುವ ಹಾಗೆ ಕೋಡ್ ಬದಲಿಸಿ. ಆಗ ಟೆಸ್ಟಿನಲ್ಲಿ ಸಮಯವನ್ನು ನಿಲ್ಲಿಸಬಹುದು: ಮಾರ್ಚ್ 31ರ ರಾತ್ರಿ 11:50, ಏಪ್ರಿಲ್ 1ರ 12:10, 5:20, 5:40. ಈ ನಾಲ್ಕು ಹೊತ್ತಿಗೂ ಒಂದೊಂದು ಟೆಸ್ಟ್ ಇರಲಿ. ಟೆಸ್ಟ್ ಫೇಲಾದಾಗ ಮತ್ತೆ ಬಟನ್ ಒತ್ತಿ ಪಾಸ್ ಮಾಡಿಕೊಳ್ಳುವ ರೂಢಿಯನ್ನು ದಯವಿಟ್ಟು ಇವತ್ತೇ ಬಿಡಿ. ಮೊದಲ ಲಾಗ್ ಎತ್ತಿಟ್ಟುಕೊಂಡು, ಅದು ಫೇಲಾದ ಹೊತ್ತನ್ನು ಪಕ್ಕದಲ್ಲೇ ಬರೆದಿಡಿ.

ಪ್ರಶ್ನೆ: ಕ್ರೋಮ್ ಬಳಸುವ ಟೆಸ್ಟ್‌ಗಳು ಲ್ಯಾಪ್‌ಟಾಪಿನಲ್ಲಿ ಓಡುತ್ತವೆ. ಸರ್ವರಿನ ಡಾಕರಿನಲ್ಲಿ ಒಮ್ಮೆ ‘ಟ್ಯಾಬ್ ಕ್ರ್ಯಾಶ್’, ಇನ್ನೊಮ್ಮೆ ‘ಎಕ್ಸಿಟ್ ಕೋಡ್ 137’ ಎಂದು ನಿಲ್ಲುತ್ತವೆ.
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಇವು ಎರಡು ಬೇರೆ ರೋಗ, ಔಷಧಿಯೂ ಬೇರೆ. ಡಾಕರ್ ತಾನಾಗಿ ಕೊಡುವ ಶೇರ್ಡ್ ಮೆಮೊರಿ (ಪ್ರೊಸೆಸ್‌ಗಳು ಹಂಚಿಕೊಳ್ಳುವ ಮೆಮೊರಿ) ಬರೀ 64 ಎಂಬಿ. ಭಾರದ ಪುಟ ತೆರೆದಾಗ ಕ್ರೋಮ್‌ಗೆ ಅದು ಸಾಲದೆ ಟ್ಯಾಬ್ ಬೀಳುತ್ತದೆ. ಕಂಟೇನರ್ ಶುರು ಮಾಡುವಾಗಲೇ ಶೇರ್ಡ್ ಮೆಮೊರಿಯನ್ನು 1 ಜಿಬಿಗೆ ಏರಿಸಿ.

137 ಅಂದರೆ 128ಕ್ಕೆ 9 ಕೂಡಿಸಿದ್ದು. 9 ಎಂಬುದು ಪ್ರೋಗ್ರಾಮನ್ನು ಬಲವಂತವಾಗಿ ಕೊಲ್ಲುವ ಸಿಗ್ನಲ್. ಮೆಮೊರಿ ತೀರಿದಾಗ ಲಿನಕ್ಸ್ ಕರ್ನಲ್ ಇದನ್ನೇ ಕಳಿಸುತ್ತದೆ. ಸರ್ವರಿನಲ್ಲಿ ‘ಡಿಮೆಸೇಜ್’ (dmesg) ಕಮಾಂಡ್ ಕೊಟ್ಟು ‘ಔಟ್ ಆಫ್ ಮೆಮೊರಿ’ ಸಾಲು ಹುಡುಕಿ. ಸಿಕ್ಕರೆ ಒಟ್ಟಿಗೆ ಓಡುವ ಕೆಲಸ ಕಡಿಮೆ ಮಾಡಿ: ಹೊಸದಾಗಿ ಹಾಕಿದ ಜೆಂಕಿನ್ಸ್‌ನಲ್ಲಿ ಎಕ್ಸಿಕ್ಯೂಟರ್ (ಒಂದು ಸಲಕ್ಕೆ ಒಂದು ಕೆಲಸ ಓಡಿಸುವ ಜಾಗ) 2 ಇರುತ್ತವೆ, 4 ಜಿಬಿಯ ಮಷಿನಿನಲ್ಲಿ ಕ್ರೋಮ್ ಓಡಿಸುವುದಾದರೆ 1 ಸಾಕು. ಪ್ರತಿ ಟೆಸ್ಟ್ ಮುಗಿದ ಮೇಲೆ ಕ್ರೋಮನ್ನು ನಡೆಸುವ ಡ್ರೈವರ್ ಪೂರ್ತಿ ಮುಚ್ಚುತ್ತಿದೆಯೇ ಎಂಬುದನ್ನೂ ನೋಡಿ. ಟೆಸ್ಟ್ ನಡುವೆ ಫೇಲಾದಾಗ ಮುಚ್ಚುವ ಸಾಲಿಗೆ ಹೋಗದೆ ಹತ್ತಾರು ಕ್ರೋಮ್ ಪ್ರೊಸೆಸ್‌ಗಳು ಹಿಂದೆ ಉಳಿದಿರುತ್ತವೆ.

ಪ್ರಶ್ನೆ: ಕೋಡ್ ಇಡುವ ಆನ್‌ಲೈನ್ ತಾಣ ಗಿಟ್‌ಹಬ್‌ಗೆ ಕೋಡ್ ಪುಶ್ ಮಾಡಿದರೂ (ಕಳಿಸಿದರೂ) ಆಫೀಸಿನ ಜೆಂಕಿನ್ಸ್ ತಾನಾಗಿ ಶುರುವಾಗುವುದಿಲ್ಲ. ವೆಬ್‌ಹುಕ್ ಹಾಕಿದ್ದೇವೆ.
– ಓದುಗರು, ಬೆಟಗೇರಿ, ಗದಗ

ಉತ್ತರ: ವೆಬ್‌ಹುಕ್ ಹೊರಗಿನಿಂದ ನಿಮ್ಮ ಸರ್ವರಿಗೆ ಬರುವ ಕರೆ. ಜೆಂಕಿನ್ಸ್ 8080 ಪೋರ್ಟಿನಲ್ಲಿ ಬ್ರಾಡ್‌ಬ್ಯಾಂಡ್ ರೌಟರಿನ ಹಿಂದೆ ಕೂತಿದ್ದರೆ ಆ ಕರೆ ಮುಟ್ಟುವುದೇ ಇಲ್ಲ. ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಪಾಸ್‌ವರ್ಡ್, ಕೀ ಎಲ್ಲ ಅಲ್ಲೇ ಇರುತ್ತವೆ. ಅದರ ಬದಲು ಜೆಂಕಿನ್ಸೇ ಹೋಗಿ ಕೇಳಲಿ: ಜಾಬಿನಲ್ಲಿ ‘ಪೋಲ್ ಎಸ್‌ಸಿಎಂ’ ಆರಿಸಿ, ವೇಳಾಪಟ್ಟಿಯ ಐದು ಕಾಲಮ್‌ಗಳಲ್ಲಿ ಮೊದಲನೆಯದಕ್ಕೆ ದೊಡ್ಡಕ್ಷರದ ಎಚ್/5, ಉಳಿದ ನಾಲ್ಕಕ್ಕೆ ನಕ್ಷತ್ರದ ಗುರುತು ಕೊಡಿ. ಐದು ನಿಮಿಷಕ್ಕೊಮ್ಮೆ ನೋಡುತ್ತದೆ, ಹೊಸ ಕಮಿಟ್ (ಕೋಡಿನ ಬದಲಾವಣೆ) ಇದ್ದರೆ ಮಾತ್ರ ಟೆಸ್ಟ್ ಓಡಿಸುತ್ತದೆ. ಎಚ್ ಇರುವುದರಿಂದ ನಿಮ್ಮ ಎಲ್ಲ ಜಾಬ್‌ಗಳೂ ಒಂದೇ ನಿಮಿಷಕ್ಕೆ ಮುಗಿಬೀಳುವುದಿಲ್ಲ.