ಮೂರು ಕೂಡಿಸು ನಾಲ್ಕು ಏಳಾಗದ ಲೆಕ್ಕ

ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವ ವಕೀಲರಿಂದ ಈ ಸಲವೂ ಅವೇ ಪ್ರಶ್ನೆಗಳು. ಫೀಸ್ ಎಷ್ಟು, ಫೋಟೊ ಯಾವ ಅಳತೆ ಎಂಬುದಕ್ಕೆಲ್ಲ ಇಲ್ಲಿ ಉತ್ತರವಿಲ್ಲ. ಅಧಿಸೂಚನೆ ಓದಲು ಬೇಸರಪಡುವವರು ಕೇಸ್ ಫೈಲ್ ಹೇಗೆ ಓದುತ್ತಾರೋ!

ಪ್ರಶ್ನೆ: ಸನ್ನದು (ವಕೀಲಿಕೆಯ ಪರವಾನಗಿ) ಸಿಕ್ಕಿ 11 ವರ್ಷವಾಯಿತು. ಮೊದಲ 3 ವರ್ಷ ಕೋರ್ಟ್, ಆಮೇಲೆ 4 ವರ್ಷ ಕಂಪನಿಯಲ್ಲಿ ಕರಾರು ಪತ್ರ ನೋಡುವ ಕೆಲಸ, ಈಗ 4 ವರ್ಷದಿಂದ ಮತ್ತೆ ಕೋರ್ಟ್. ಸನ್ನದು ಅಮಾನತು ಮಾಡಿಸಿರಲಿಲ್ಲ. ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಅರ್ಜಿ ಹಾಕಬಹುದೇ?

ಉತ್ತರ: ಆಗುವುದಿಲ್ಲ. ಸಂವಿಧಾನದ 233(2)ನೇ ವಿಧಿ ಕೇಳುವುದು 7 ವರ್ಷದ ವಕೀಲಿಕೆ. ಅರ್ಜಿ ಹಾಕುವ ದಿನವೂ ನೀವು ವಕೀಲರಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2013ರ ದೀಪಕ್ ಅಗರ್ವಾಲ್ ಪ್ರಕರಣದಲ್ಲಿ ಹೇಳಿತು. ಆ 7 ವರ್ಷ ನಡುವೆ ತುಂಡಾಗಿರಬಾರದು ಎಂಬುದನ್ನು 2025ರ ಅಕ್ಟೋಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇನ್ನಷ್ಟು ಸ್ಪಷ್ಟ ಮಾಡಿತು. ಕಂಪನಿಯಲ್ಲಿ ಕಳೆದ 4 ವರ್ಷ ವಕೀಲಿಕೆಯ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲೇ ತುಂಡಾಯಿತು. ಹಿಂದಿನ 3, ಈಗಿನ 4 ಕೂಡಿಸಿ 7 ಅನ್ನಬೇಡಿ.

‘ಸರ್ಕಾರಿ ಅಭಿಯೋಜಕರೂ (ಪ್ರಾಸಿಕ್ಯೂಟರ್) ಸಂಬಳದವರೇ ಅಲ್ವಾ?’ ಎಂದು ನೀವು ಕೇಳುವುದು ಗೊತ್ತು. ಹೌದು. ಆದರೆ ಅವರು ಕೋರ್ಟಿನಲ್ಲಿ ನಿಂತು ಕೇಸ್ ನಡೆಸುತ್ತಾರೆ. 2013ರ ತೀರ್ಪು ನೋಡಿದ್ದು ಮಾಡುವ ಕೆಲಸವನ್ನು, ಸಂಬಳದ ಚೀಟಿಯನ್ನಲ್ಲ.

ಸನ್ನದು ಅಮಾನತಾಗಿಲ್ಲ ಅನ್ನುವುದನ್ನು ನೀವು ಬಲ ಅಂದುಕೊಂಡಿದ್ದೀರಿ. ಅದೇ ತೊಡಕು. ವಕೀಲರು ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದರೆ ವಕೀಲರ ಪರಿಷತ್ತಿಗೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸಬೇಕು, ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಹೇಳುವುದು ಅದನ್ನೇ. ‘ಯಾರಿಗೆ ಗೊತ್ತಾಗುತ್ತೆ’ ಎಂದು ಅರ್ಜಿಯಲ್ಲಿ ಆ 4 ವರ್ಷ ಮುಚ್ಚಿಡಬೇಡಿ. ಪಿಎಫ್ ಖಾತೆಗೆ ಸುಳ್ಳು ಹೇಳಲು ಬರುವುದಿಲ್ಲ. ಪರಿಷತ್ತಿಗೆ ಈಗಲಾದರೂ ಬರೆದು ತಿಳಿಸಿ. ಇನ್ನು 3 ವರ್ಷ ಕಾಯಿರಿ, ವಯಸ್ಸಿನ ಮಿತಿ ಮೀರದಂತೆ ಲೆಕ್ಕ ಹಾಕಿ.

ಕಾಯುವಾಗ ಸುಮ್ನೆ ಕೂರಬೇಡಿ. ಕಕ್ಷಿದಾರರು ವಕೀಲರಿಗೆ ಬರೆದುಕೊಡುವ ವಕಾಲತ್ತಿನಲ್ಲಿ ಸೀನಿಯರ್ ಹೆಸರಿನ ಜೊತೆ ನಿಮ್ಮ ಹೆಸರೂ ಇರಲಿ. ಹಾಜರಿ ದಾಖಲಾದ ಆರ್ಡರ್ ಶೀಟು, ನಿಮ್ಮ ಹೆಸರಿರುವ ತೀರ್ಪಿನ ಪ್ರತಿ ವರ್ಷವಾರು ಜೋಡಿಸಿಡಿ. ವಕೀಲರ ಸಂಘದವರು ಪರಿಚಯಕ್ಕೆ ಬರೆದುಕೊಡುವ ಪತ್ರಕ್ಕಿಂತ ನಾನು ಇವನ್ನೇ ಜಾಸ್ತಿ ನಂಬುತ್ತೇನೆ.

ಪ್ರಶ್ನೆ: ಅರ್ಜಿಗೆ ಮೊದಲೇ ಸನ್ನದು ಒಪ್ಪಿಸಬೇಕಂತೆ, ನಿಜವೇ?

ಉತ್ತರ: ಹೇಳಿದವರ ಮಾತು ಕೇಳಿದರೆ ಅರ್ಜಿಯ ದಿನ ನೀವು ವಕೀಲರೇ ಆಗಿರುವುದಿಲ್ಲ. ಕೆಲಸಕ್ಕೆ ಸೇರುವಾಗ ನೋಡೋಣ.

ಪ್ರಶ್ನೆ: ಸಿವಿಲ್ ನ್ಯಾಯಾಧೀಶರ ಹುದ್ದೆಗೂ ಪ್ರಾಕ್ಟೀಸ್ ಬೇಕೇ?

ಉತ್ತರ: ಬೇಕು. ಸುಪ್ರೀಂ ಕೋರ್ಟಿನ 2025ರ ಮೇ ತೀರ್ಪಿನಿಂದ 3 ವರ್ಷದ ಷರತ್ತು ಮತ್ತೆ ಬಂತು. ವಕೀಲರ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿಯಾದ ದಿನದಿಂದಲೇ ಲೆಕ್ಕ.

ಪ್ರಶ್ನೆ: ಒಬ್ಬರು ಹಣ ಕೊಟ್ಟರೆ ಸಂದರ್ಶನದಲ್ಲಿ ಅಂಕ ಹಾಕಿಸುತ್ತಾರಂತೆ.

ಉತ್ತರ: ಕಾನೂನು ಓದಿದವರು ಇದನ್ನು ನನ್ನನ್ನು ಕೇಳುವುದೇ? ಪೊಲೀಸ್ ಠಾಣೆಗೆ ಹೋಗಿ.