ಮೋಟರ್ ಮಾತು: 30ರ ಫ್ಯೂಸಿನ ಜಾಗಕ್ಕೆ 40 ಹಾಕಬಹುದೇ?

ಪ್ರಶ್ನೆ: ನಾವಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ಹೋದ ವರ್ಷ 24 ಅಡಿ ಉದ್ದದ ಟ್ರಾವೆಲ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಗಾಡಿ) ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆವು. ಸ್ವಿಚ್ ಒತ್ತಿ ಹಿಡಿದರೆ ಒಂದು ಪಕ್ಕದ ಗೋಡೆ ಸೋಫಾ ಸಮೇತ ಹೊರಕ್ಕೆ ಸರಿದು ಒಳಗೆ ಜಾಗವಾಗುತ್ತದೆ. ಇಲ್ಲಿ ಸ್ಲೈಡ್ ಔಟ್ ಎನ್ನುತ್ತಾರೆ. ಹೊರಗೆ ಸಲೀಸಾಗಿ ಹೋಗುತ್ತದೆ, ಒಳಗೆ ಎಳೆಯುವಾಗ 30 ಆಂಪಿಯರ್ ಫ್ಯೂಸ್ ಎರಡು ಸಲ ಹೋಯಿತು. ಕ್ಯಾಂಪಿನಲ್ಲಿ ಪಕ್ಕದವರು "40 ಹಾಕಿಬಿಡಿ" ಅಂದರು. ಹಾಕಲೇ? ನೀರಿನ ಪಂಪಿಗೂ ಬೇರೆ ರಕ್ಷಣೆ ಬೇಕೇ?
– ಒಬ್ಬ ಓದುಗರು, ಆಸ್ಟಿನ್

ಉತ್ತರ: ಹಾಕಬೇಡಿ. ಸಲಹೆ ಕೊಟ್ಟವರು ಒಳ್ಳೆಯ ಮನಸ್ಸಿನವರೇ ಇರಬೇಕು. ನಾನೂ ಒಮ್ಮೆ ಹಾಗೆ ಒಳ್ಳೆಯವನಾಗಲು ಹೋಗಿದ್ದೆ. ರಾಣೆಬೆನ್ನೂರಿನಲ್ಲಿ ರಿವೈಂಡಿಂಗ್ ಅಂಗಡಿ ಇಟ್ಟ ಹೊಸದು. ಒಬ್ಬ ರೈತರ ಪಂಪ್‌ಸೆಟ್ಟಿನ ಫ್ಯೂಸ್ ಮೇಲಿಂದ ಮೇಲೆ ಹೋಗುತ್ತಿತ್ತು. "ಮೆಣಸಿನ ಗಿಡ ಒಣಗಾಕತ್ತಾವ, ಲಗೂನ ಮಾಡು ತಮ್ಮಾ" ಅಂದರು. ಫ್ಯೂಸ್ ತಂತಿಯನ್ನು ಮೂರೆಳೆ ಹೊಸೆದು ಕಟ್ಟಿ ಬಂದೆ. ಮೂರನೇ ದಿನ ಆ ಮೋಟರ್ ಚಕ್ಕಡಿ ಏರಿ ನನ್ನ ಅಂಗಡಿಗೇ ಬಂತು. ಬಿಚ್ಚಿದರೆ ವಾರ್ನಿಷ್ ಸುಟ್ಟ ಕಮಟು, ಕಾಯಿಲ್ ಎಲ್ಲ ಇದ್ದಿಲು. ಬೇರಿಂಗ್ ಜಾಮ್ ಆಗಿತ್ತು. ಫ್ಯೂಸ್ ಅಷ್ಟು ದಿನ ಅದನ್ನೇ ಹೇಳುತ್ತಿತ್ತು, ಅದರ ಬಾಯಿ ಕಟ್ಟಿದವನು ನಾನು. ಕೂಲಿ ಕೇಳುವ ಮುಖ ಎಲ್ಲಿತ್ತು?

ಫ್ಯೂಸಿನ ಅಳತೆಯನ್ನು ವಯರಿನ ದಪ್ಪ ನೋಡಿ ಇಟ್ಟಿರುತ್ತಾರೆ. ನಿಮ್ಮಲ್ಲಿ ಇಂಥ ವಾಹನಗಳ 12 ವೋಲ್ಟ್ ಲೈನಿಗೆ 14 ಗೇಜ್ ತಾಮ್ರದ ವಯರಾದರೆ 15 ಆಂಪಿಯರ್, 12 ಗೇಜ್‌ಗೆ 20, 10 ಗೇಜ್‌ಗೆ 30 ಎಂಬ ಲೆಕ್ಕ. ಗೇಜ್ ಅಂಕಿ ಇಳಿದಷ್ಟೂ ವಯರು ದಪ್ಪ. ನಿಮ್ಮದು 30 ಇದೆ ಅಂದರೆ ಒಳಗಿರುವುದು 10 ಗೇಜ್ ಇರಬೇಕು. ಅಲ್ಲಿ 40 ಕೂರಿಸಿದರೆ ಕಾದು ಬಿಸಿಯಾಗುವುದು ವಯರು, ಅದೂ ಪ್ಲೈವುಡ್ ಮತ್ತು ಫೋಮ್ ತುಂಬಿದ ಗೋಡೆಯ ಒಳಗೆ, ಕಣ್ಣಿಗೆ ಕಾಣದ ಕಡೆ.

ಇನ್ನು ಫ್ಯೂಸ್ ಯಾಕೆ ಹೋಗುತ್ತಿದೆ? ತಿರುಗುವ ಡಿಸಿ ಮೋಟರ್ ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ಕರೆಂಟನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ. ಮೋಟರ್ ಸಿಕ್ಕಿ ನಿಂತಿತೋ, ಎದುರು ವೋಲ್ಟೇಜ್ ಸೊನ್ನೆ, ಕರೆಂಟು ಹಲವು ಪಟ್ಟು. ನಿಮ್ಮ ಗೋಡೆ ಒಳಗೆ ಬರುವಾಗ ಎಲ್ಲೋ ಸಿಕ್ಕಿಕೊಳ್ಳುತ್ತಿದೆ. ಟ್ರೇಲರನ್ನು ಮಟ್ಟಸವಾಗಿ ನಿಲ್ಲಿಸಿದ್ದೀರಾ? ಗೋಡೆಯ ಚಾವಣಿ ಮೇಲೆ ಕಡ್ಡಿ, ಎಲೆ ಬಿದ್ದಿವೆಯೇ? ಹಳಿ, ಗೇರು ಒಣಗಿ ತುಕ್ಕು ಹಿಡಿದಿವೆಯೇ? ಡಿಸಿ ಅಳೆಯುವ ಕ್ಲಾಂಪ್ ಮೀಟರನ್ನು ಒಂದೇ ವಯರಿಗೆ ಸಿಕ್ಕಿಸಿ, ಹೊರಗೆ ಹೋಗುವಾಗ ಎಷ್ಟು, ಒಳಗೆ ಬರುವಾಗ ಎಷ್ಟು ಎಂದು ಬರೆದುಕೊಳ್ಳಿ. ಅಡ್ಡಿ ಯಾವ ಕಡೆಯ ಓಟದಲ್ಲಿ ಎಂಬುದನ್ನು ಆ ಎರಡು ಅಂಕಿಗಳೇ ಹೇಳುತ್ತವೆ.

ಬ್ಯಾಟರಿಯನ್ನೂ ಬಿಡಬೇಡಿ. ಬ್ಯಾಟರಿಯಿಂದ ಮೋಟರಿಗೆ 8 ಮೀಟರ್ ಇದ್ದರೆ ಹೋಗಿ ಬರಲು 16 ಮೀಟರ್ ವಯರು. 10 ಗೇಜ್‌ನಲ್ಲಿ ಅದರ ರೆಸಿಸ್ಟೆನ್ಸ್ ಸುಮಾರು 0.05 ಓಮ್. 30 ಆಂಪಿಯರ್ ಎಳೆದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಹೋಯಿತು. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಇನ್ನಷ್ಟು. ಹತ್ತು ವೋಲ್ಟಿನಲ್ಲಿ ಏದುಸಿರು ಬಿಡುವ ಮೋಟರ್ ಸಣ್ಣ ಅಡ್ಡಿಗೂ ನಿಂತುಬಿಡುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಲೋ ವೋಲ್ಟೇಜ್‌ಗೆ ಪಂಪ್‌ಸೆಟ್ ಸುಟ್ಟು ಅಂಗಡಿ ಮುಂದೆ ಸಾಲುಗಟ್ಟುತ್ತಿದ್ದವು. ಅವು ಎಸಿ ಮೋಟರು, ಲೆಕ್ಕ ಬೇರೆ, ಸುಟ್ಟ ವಾಸನೆ ಮಾತ್ರ ಒಂದೇ.

ಆದರೂ ಸ್ಲೈಡ್ ಔಟ್ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಸ್ವಿಚ್ ಮೇಲೆ ನಿಮ್ಮ ಬೆರಳಿದೆ, ಕಿವಿ ಮೋಟರ್ ಕಡೆ ಇದೆ. ಗೊರಗೊರ ಎಂದರೆ ಬಿಡುತ್ತೀರಿ. ಭಯ ಇರುವುದು ನೀವು ಕೇಳಿಯೂ ಕೇಳದ ಹಾಗೆ ಕೊನೆಗೆ ಕೇಳಿದ ನೀರಿನ ಪಂಪಿನದು. ಅದರ ಸ್ವಿಚ್ ಒಮ್ಮೆ ಹಾಕಿದರೆ ಮುಗಿಯಿತು. ನಲ್ಲಿ ತಿರುಗಿಸಿದಾಗ ಒತ್ತಡ ಇಳಿದು ತಾನೇ ಓಡುತ್ತದೆ, ಮುಚ್ಚಿದರೆ ತಾನೇ ನಿಲ್ಲುತ್ತದೆ. ಟ್ಯಾಂಕ್ ಖಾಲಿಯಾದರೆ? ಒತ್ತಡ ಏರುವುದೇ ಇಲ್ಲ, ಪಂಪ್ ನಿಲ್ಲುವುದೇ ಇಲ್ಲ. ನೀವು ಬೆಟ್ಟ ಹತ್ತಲು ಹೋಗಿರುತ್ತೀರಿ. ನಿಮ್ಮ ದೇಶದ ವಿದ್ಯುತ್ ನಿಯಮಾವಳಿ ಎನ್‌ಇಸಿಯ 551ನೇ ವಿಭಾಗ ಹಿಂದೆ ಇದನ್ನು ಬಿಡಿಸಿ ಹೇಳಿತ್ತು: ತಾನಾಗಿ ಆನ್ ಆಗುವ, ಅಥವಾ ಹಾಕಿದರೆ ಆನ್ ಆಗಿಯೇ ಉಳಿಯುವ ಸ್ವಿಚ್ಚಿನ ಮೋಟರುಗಳಿಗೆ ಓವರ್‌ಲೋಡ್ ರಕ್ಷಣೆ, ಅಂದರೆ ಹೊರೆ ಮೀರಿದರೆ ಲೈನ್ ಕಡಿಯುವ ಏರ್ಪಾಡು ಬೇಕು.

ಪಂಪಿನ ಒಳಗೆ ಥರ್ಮಲ್ ಪ್ರೊಟೆಕ್ಟರ್ (ಬಿಸಿ ಮೀರಿದರೆ ಲೈನ್ ಕಡಿಯುವ ಸಾಧನ) ಇದೆಯೇ ಎಂದು ಲೇಬಲ್ ಓದಿ. ಅದರ ಮೇಲೆ ಬರೆದ ಫ್ಯೂಸನ್ನೇ ಹಾಕಿ. ಬ್ರೇಕರ್ ಹಾಕುವುದಾದರೆ ಟೈಪ್ 1 ಬೇಡ. ಅದು ಬಿಸಿಯಾಗಿ ಲೈನ್ ಕಡಿಯುತ್ತದೆ, ತಣ್ಣಗಾಗಿ ತಾನೇ ಮತ್ತೆ ಕೂಡಿಕೊಳ್ಳುತ್ತದೆ, ಕೆಟ್ಟ ಮೋಟರಿಗೆ ರಾತ್ರಿಯಿಡೀ ಕಂತಿನಲ್ಲಿ ಬೆಂಕಿ ಕೊಟ್ಟ ಹಾಗೆ. ಟೈಪ್ 2 ಲೈನ್ ಆಫ್ ಮಾಡುವ ತನಕ ಕೂಡಿಕೊಳ್ಳುವುದಿಲ್ಲ. ನನ್ನ ಓಟು ಟೈಪ್ 3ಕ್ಕೆ: ಗುಂಡಿ ಒತ್ತಲು ಮನುಷ್ಯನೇ ಬರಬೇಕು. ಹೊರಗೆ ಹೋಗುವಾಗ, ಮಲಗುವಾಗ ಪಂಪಿನ ಸ್ವಿಚ್ ಆಫ್ ಮಾಡಿ.

ಪ್ರಶ್ನೆ: ಹಳೆಯ ಟೆಂಪೋ ಟ್ರಾವೆಲರನ್ನು ಕ್ಯಾಂಪರ್ ಮಾಡುತ್ತಿದ್ದೇವೆ. ನೀರಿನ ಪಂಪಿನ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಹಾಕಿ ಫೋಟೋ ಕಳಿಸಿದ್ದೇವೆ. ಸಾಕೇ?
– ಇಬ್ಬರು ಗೆಳೆಯರು, ಹಾಸನ

ಉತ್ತರ: ಕೆಲಸ ಅಚ್ಚುಕಟ್ಟಾಗಿದೆ, ಫ್ಯೂಸ್ ಮಾತ್ರ ತಪ್ಪು ತುದಿಯಲ್ಲಿದೆ. ಬ್ಯಾಟರಿಯಿಂದ ಅಲ್ಲಿಯವರೆಗಿನ ವಯರಿಗೆ ಯಾರು ದಿಕ್ಕು? ದಾರಿಯಲ್ಲಿ ಚಾಸಿಗೆ ಉಜ್ಜಿ ಸಿಪ್ಪೆ ಹೋದರೆ ಬ್ಯಾಟರಿಯ ಅಷ್ಟೂ ಕರೆಂಟು ಅಲ್ಲೇ ಹರಿಯುತ್ತದೆ, ಪಂಪಿನ ಪಕ್ಕದ ಫ್ಯೂಸಿಗೆ ಸುದ್ದಿಯೂ ಮುಟ್ಟುವುದಿಲ್ಲ. ಮೇಲೆ ಹೇಳಿದ ಅಮೆರಿಕದ ನಿಯಮದಲ್ಲಿ, ಬ್ಯಾಟರಿಯ ಲೈನ್ ವಾಹನದ ವಯರಿಂಗಿಗೆ ಸೇರುವ ಜಾಗದಿಂದ ಒಂದೂವರೆ ಅಡಿಯ ಒಳಗೇ ಫ್ಯೂಸ್ ಇರಬೇಕೆಂದಿತ್ತು. ನೀವು ಬ್ಯಾಟರಿಗೆ ಇನ್ನೂ ಹತ್ತಿರ ತಂದರೆ ಒಳ್ಳೆಯದು. ಮತ್ತೆ ವಯರು ತಗಡು ದಾಟುವ ತೂತಿಗೆ ರಬ್ಬರ್ ಬುಷ್ ಹಾಕಿದ್ದೀರಾ? ಫೋಟೋದಲ್ಲಿ ನನಗೆ ಕಾಣಿಸಲಿಲ್ಲ.